ಕಾಡಿಗೆ ಹೋಗ್ತೀರಾ ಅಂತ ಕೇಳಿದ್ದೆ

ನನ್ನ ಪ್ರಶ್ನಾವಳಿಯಲ್ಲಿ 11ನೇ ಪ್ರಶ್ನೆಯೇ ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದೆ. "ನೀವು ಕಾಡಿಗೆ ಹೋಗುತ್ತೀರಾ?" ಉತ್ತರ "ಹೌದು" ಅಥವಾ "ಇಲ್ಲ", ಅಷ್ಟೇ. ಉಳಿದ ಪ್ರಶ್ನೆಗಳನ್ನು ಎಷ್ಟು ಸಲ ತಿದ್ದಿದ್ದೆನೋ ಲೆಕ್ಕವಿಲ್ಲ. ಇದನ್ನು ಮಾತ್ರ ಮೊದಲ ದಿನ ಬರೆದ ಹಾಗೇ ಬಿಟ್ಟಿದ್ದೆ.

ನಾನು ಆಗ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೆ, ಸಮುದಾಯ ಆರೋಗ್ಯ ವಿಭಾಗದಲ್ಲಿ. ಕಾಲೇಜು ದೂರದಲ್ಲಿತ್ತು, ಮನೆ ಶಿರಸಿ ತಾಲ್ಲೂಕಿನ ಹಳ್ಳಿಯಲ್ಲಿ. ಪ್ರಬಂಧಕ್ಕೆ ವಿಷಯ ಹುಡುಕುವ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಮಂಗನ ಕಾಯಿಲೆ. 2024ರ ಬೇಸಿಗೆಯಲ್ಲಿ ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲಿ ಅದು ಜೋರಾಗಿತ್ತು. ನಮ್ಮ ಕಡೆಯ ಬಸ್ಸಿನಲ್ಲಿ, ಸೊಸೈಟಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲಿ ಹೋದರೂ ಅದೇ ಮಾತು. ಯಾರಿಗೆ ಜ್ವರ ಬಂದರೂ ಮನೆಯವರ ಮುಖ ಸಣ್ಣಗಾಗುತ್ತಿತ್ತು.

ಈ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಇದು ಮೊದಲು ಪತ್ತೆಯಾಯಿತು. ಸೊರಬ ಅಂದರೆ ಸಿದ್ದಾಪುರದ ಗಡಿಗೆ ತಾಗಿದ ತಾಲ್ಲೂಕು. ಮಂಗನ ಹೆಸರು ಬಂದಿದ್ದರೂ ಮನುಷ್ಯರಿಗೆ ವೈರಸ್ ತಗಲಿಸುವುದು ಮೈಗೆ ಅಂಟಿ ರಕ್ತ ಹೀರುವ ಉಣುಗು. ಮಳೆ ಮುಗಿದು ನೆಲ ಒಣಗಿದ ಮೇಲೆ, ಹೆಚ್ಚುಕಮ್ಮಿ ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ. ಆಗ ಮರಿ ಉಣುಗುಗಳು ಜಾಸ್ತಿ. ಕಣ್ಣಿಗೆ ಬೀಳದಷ್ಟು ಸಣ್ಣವು. ಕಾಯಿಲೆ ಬಂದ ಮೇಲೆ ಇದಕ್ಕೇ ಅಂತ ಒಂದು ಔಷಧ ಇಲ್ಲ. ಹಾಗಾಗಿ ಉಣುಗು ಕಚ್ಚದ ಹಾಗೆ ನೋಡಿಕೊಳ್ಳೋದೇ ದೊಡ್ಡ ದಾರಿ. ಜನರಿಗೆ ಏನು ಗೊತ್ತಿದೆ, ಏನು ಮಾಡುತ್ತಾರೆ, ಯಾರು ಜಾಸ್ತಿ ಅಪಾಯದಲ್ಲಿದ್ದಾರೆ ಅಂತ ಅಳೆಯಬೇಕು ಅನ್ನಿಸಿದ್ದು ಅದಕ್ಕೇ.

ಅಳೆಯೋದಕ್ಕೆ ಮೊದಲು ಅಳತೆಯ ಸಾಧನವನ್ನೇ ಪರೀಕ್ಷೆ ಮಾಡಬೇಕು. ನಮ್ಮ ಓದಿನಲ್ಲಿ ಇದಕ್ಕೆ ಎರಡು ಮಾತು ಬರುತ್ತವೆ, ಸಿಂಧುತ್ವ ಮತ್ತು ವಿಶ್ವಾಸಾರ್ಹತೆ. ಕ್ಲಾಸಿನಲ್ಲಿ ವ್ಯಾಲಿಡಿಟಿ, ರಿಲಯಬಿಲಿಟಿ ಅನ್ನುತ್ತೇವೆ. ಇದೇನು ಅಂತ ಒಂದು ರಾತ್ರಿ ಅಪ್ಪ ಕೇಳಿದರು. ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಅವರ ಕೈಯಲ್ಲಿದ್ದ ಅಡಿಕೆಯನ್ನೇ ಉದಾಹರಣೆ ಮಾಡಿಕೊಂಡೆ. ಚಾಲಿ, ಬಿಳಿಗೋಟು ಅಂದರೆ ಅಡಿಕೆಯ ದರ್ಜೆಗಳು.

"ಶಿರಸಿ ಮಾರ್ಕೆಟ್ಟಿನಲ್ಲಿ ಒಂದೇ ರಾಶಿಯನ್ನು ಇಬ್ಬರು ನೋಡ್ತಾರೆ ಅಂತ ಇಟ್ಕೊಳ್ಳಿ. ಒಬ್ಬರು ಚಾಲಿ ಅಂತಾರೆ, ಇನ್ನೊಬ್ಬರು ಬಿಳಿಗೋಟು ಅಂತಾರೆ. ಆಗ ಆ ನೋಟವನ್ನ ನಂಬೋಕಾಗಲ್ಲ. ಇಬ್ಬರೂ ಚಾಲಿ ಅಂದ್ರೆ, ನಾಳೆ ನೋಡಿದ್ರೂ ಚಾಲಿ ಅಂದ್ರೆ, ಅದು ವಿಶ್ವಾಸಾರ್ಹ."

ಅಪ್ಪ ಮೆಟ್ಟುಗತ್ತಿಯಿಂದ ಕೈ ತೆಗೆಯದೆ ಹೇಳಿದರು. "ಇಬ್ಬರೂ ಒಂದೇ ಮಾತು ಹೇಳಿ ಇಬ್ಬರೂ ತಪ್ಪಿರಬಹುದಲ್ಲ ಕೂಸೇ. ಮೇಲಿಂದ ಒಳ್ಳೇ ಚಾಲಿ, ಒಡೆದರೆ ಒಳಗೆ ಹುಳ. ಒಡೆದು ನೋಡಬೇಕು."

"ಅದೇ ಸಿಂಧುತ್ವ" ಅಂದೆ. ಅಪ್ಪನಿಗೆ ಅರ್ಥವಾಯಿತು ಅಂತ ಖುಷಿಯಾಯಿತು. ನನಗೆ ಅದು ಪೂರ್ತಿ ಅರ್ಥವಾಗಲು ಇನ್ನೂ ಮೂರು ತಿಂಗಳು ಬೇಕಾಯಿತು.

ಪ್ರಶ್ನಾವಳಿಯಲ್ಲಿ ಮೂರು ಭಾಗ. ಮನೆ, ಕೆಲಸ, ಕಾಡಿನ ಒಡನಾಟ ಒಂದು. ಸರಿ ಅಥವಾ ತಪ್ಪು ಅಂತ ಉತ್ತರಿಸುವ 20 ತಿಳಿವಳಿಕೆಯ ಪ್ರಶ್ನೆಗಳು ಇನ್ನೊಂದು. ಮುನ್ನೆಚ್ಚರಿಕೆಗೆ ಏನು ಮಾಡುತ್ತೀರಿ ಅನ್ನೋದು ಮೂರನೆಯದು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ ಇದ್ದದ್ದರಿಂದ ಪ್ರಶ್ನೆಗಳೂ ಮೊದಲು ಇಂಗ್ಲಿಷಿನಲ್ಲೇ ಹುಟ್ಟಿದವು. ಇದು ನನ್ನ ಮೊದಲ ತಪ್ಪು ಅಂತ ಈಗ ಅನ್ನಿಸುತ್ತದೆ. ನಮ್ಮೂರಿನ ಜನರಿಗೆ ಕೇಳುವ ಪ್ರಶ್ನೆ ನಮ್ಮೂರಿನ ಮಾತಿನಲ್ಲೇ ಹುಟ್ಟಬೇಕಿತ್ತು, ಅಲ್ವಾ?

ಕನ್ನಡಕ್ಕೆ ಅನುವಾದ ಮಾಡಿದೆ. ಆಮೇಲೆ ಮೂಲವನ್ನು ನೋಡಿರದ ಒಬ್ಬ ಶಿಕ್ಷಕರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿದೆ. ಎರಡು ಇಂಗ್ಲಿಷ್ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡೋದು. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಬರೆದ ಲೇಖನದಿಂದ ಹೆಸರಾದ ವಿಧಾನ ಇದು. ಒಂದು ಕಡೆ ಎಡವಿದ್ದು ಅಲ್ಲೇ ಗೊತ್ತಾಯಿತು. ನಾನು "ಉಣ್ಣೆ" ಅಂತ ಬರೆದಿದ್ದೆ, ಪುಸ್ತಕದಲ್ಲಿ ಆ ಪದವೂ ಇದೆ. ಅದು ಇಂಗ್ಲಿಷಿಗೆ ಹೋದಾಗ ಕುರಿಯ ಉಣ್ಣೆಯಾಗಿತ್ತು! ನಮ್ಮ ಕಡೆ ಎಲ್ಲರೂ ಉಣುಗು ಅಂತಲೇ ಅನ್ನೋದು. ಬದಲಾಯಿಸಿದೆ. 11ನೇ ಪ್ರಶ್ನೆ ಮಾತ್ರ ಹೋದ ಹಾಗೇ ವಾಪಸ್ ಬಂದಿತ್ತು. ಕಾಡು ಅಂತ ಹೋಗಿದ್ದು ಫಾರೆಸ್ಟ್ ಅಂತ ಬಂದಿತ್ತು. ಅಲ್ಲಿ ತಿದ್ದುವಂಥದ್ದು ಏನೂ ಕಾಣಲಿಲ್ಲ.

ಮುಂದೆ ತಜ್ಞರ ಒಪ್ಪಿಗೆ. ಏಳು ಜನರಿಗೆ ಕಳಿಸಿದೆ. ಸಮುದಾಯ ಆರೋಗ್ಯದವರು, ವೈದ್ಯರು, ಒಬ್ಬ ಸಂಖ್ಯಾಶಾಸ್ತ್ರಜ್ಞರು. ಪ್ರತಿ ಪ್ರಶ್ನೆಗೂ 1ರಿಂದ 4ರ ತನಕ ಅಂಕ. 3 ಅಥವಾ 4 ಕೊಟ್ಟರೆ ಆ ಪ್ರಶ್ನೆ ಪ್ರಸ್ತುತ ಅಂತ ಲೆಕ್ಕ. ಏಳರಲ್ಲಿ ಎಷ್ಟು ಜನ ಹಾಗೆ ಅಂದರು ಅನ್ನೋದೇ ಆ ಪ್ರಶ್ನೆಯ ಸೂಚ್ಯಂಕ. ಆರು ಜನ ಒಪ್ಪಿದರೆ 0.86. ಐದು ಜನ ಆದರೆ 0.71. ನಾವು 0.78ರ ಗೆರೆ ಹಾಕಿಕೊಂಡಿದ್ದೆವು, ಹಾಗಾಗಿ 0.71 ಬಂದದ್ದು ಹೊರಗೆ. ಈ ವೈರಸ್ ಯಾವ ಗುಂಪಿಗೆ ಸೇರಿದ್ದು ಅಂತ ಒಂದು ಪ್ರಶ್ನೆ ಹಾಕಿದ್ದೆ. "ಇದು ಗೊತ್ತಾದರೆ ತೋಟದ ಕೆಲಸಕ್ಕೆ ಹೋಗುವ ಹೆಂಗಸಿಗೆ ಏನು ಉಪಯೋಗ?" ಅಂತ ಒಬ್ಬರು ಪಕ್ಕದಲ್ಲಿ ಬರೆದಿದ್ದರು. ನ್ಯಾಯವಾದ ಮಾತು. ತೆಗೆದೆ. 11ನೇ ಪ್ರಶ್ನೆಗೆ ಏಳಕ್ಕೆ ಏಳೂ ಒಪ್ಪಿಗೆ. ಸೂಚ್ಯಂಕ 1.00.

ಡಿಸೆಂಬರ್ ಕೊನೆಗೆ ಪರೀಕ್ಷಾರ್ಥ ಸಮೀಕ್ಷೆ. ಮುಖ್ಯ ಅಧ್ಯಯನಕ್ಕೆ ಆರಿಸಿದ ಊರು ಬಿಟ್ಟು ಬೇರೆ ಮಜರೆ. 30 ಜನ. ಅಡಿಕೆ ಕೊಯ್ಲಿನ ಕಾಲ, ಹಗಲು ಯಾರೂ ಕೈಗೆ ಸಿಗುವುದಿಲ್ಲ. ಸಂಜೆ ಸುಲಿಯಲು ಕೂತಾಗ ಹೋಗುತ್ತಿದ್ದೆವು. ನನ್ನ ಜೊತೆ ಒಬ್ಬ ಗೆಳತಿ, ದಾರಿ ತೋರಿಸಲು ಊರಿನ ಆಶಾ ಕಾರ್ಯಕರ್ತೆ, ಎಲ್ಲರೂ ಆಶಾ ಅಕ್ಕ ಅನ್ನೋದು. ಹೋದಲ್ಲೆಲ್ಲ ಕಷಾಯ ಕೊಟ್ಟು, ಸುಲಿಯುತ್ತಲೇ ಉತ್ತರ ಹೇಳುತ್ತಿದ್ದರು.

ಕೆಲವು ಎಡವಟ್ಟು ಮೊದಲ ಮನೆಯಲ್ಲೇ ಕಂಡವು. "ಸಂಪೂರ್ಣವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ" ಅಂತ ಐದು ಮೆಟ್ಟಿಲಿನ ಉತ್ತರ ಇಟ್ಟಿದ್ದೆ. ರೆನ್ಸಿಸ್ ಲೈಕರ್ಟ್ 1932ರಲ್ಲಿ ಕೊಟ್ಟ ಅಳತೆ, ಜಗತ್ತೆಲ್ಲ ಬಳಸುತ್ತಾರೆ. ಒಬ್ಬ ಅಜ್ಜ ಕೇಳಿದರು, "ಒಪ್ಪೋದು ಅಂದ್ರೆ ಒಪ್ಪೋದು. ಸಂಪೂರ್ಣ ಒಪ್ಪೋದು ಅಂದ್ರೆ ಎಂಥದು?" ಮೂರಕ್ಕೆ ಇಳಿಸಿದೆವು.

ಇನ್ನೊಂದು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕನ್ನಡದಲ್ಲಿ ಪ್ರಶ್ನಾವಳಿ ಮಾಡುವ ಯಾರಿಗಾದರೂ ಇದು ಎದುರಾಗುತ್ತದೆ. ತಿಳಿವಳಿಕೆಯ ಭಾಗದಲ್ಲಿ ಹೀಗೊಂದು ಸಾಲು ಇತ್ತು. "ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಸರಿಯೋ ತಪ್ಪೋ?" ಸರಿ ಅನ್ನೋದು ಸರಿಯಾದ ಉತ್ತರ. ಒಬ್ಬ ಅತ್ತೆ ಹೇಳಿದರು, "ಇಲ್ಲ, ಹರಡೂದಿಲ್ಲ." ನಾನು ಸರಿ ಅಂತ ಗುರುತು ಹಾಕಿದೆ. ಗೆಳತಿ ತಪ್ಪು ಅಂತ ಹಾಕಿದ್ದಳು. ಅವಳಿಗೆ ಕೇಳಿಸಿದ್ದು "ಇಲ್ಲ". ನನಗೆ ಕೇಳಿಸಿದ್ದು "ಹರಡೂದಿಲ್ಲ". ಇನ್ನೊಬ್ಬರು "ಹೌದು, ಹರಡೂದಿಲ್ಲ" ಅಂದರು. ನಮ್ಮ ಮಾತಿನಲ್ಲಿ ಎರಡಕ್ಕೂ ಅರ್ಥ ಒಂದೇ. ಉತ್ತರ ಕೊಟ್ಟವರದ್ದು ಏನೂ ತಪ್ಪಿರಲಿಲ್ಲ. ಇಲ್ಲ ಅನ್ನುವ ಪದವನ್ನು ಪ್ರಶ್ನೆಯೊಳಗೇ ಇಟ್ಟ ನನ್ನದು ತಪ್ಪು.

ಇಬ್ಬರು ಬರೆದುಕೊಂಡದ್ದು ಎಷ್ಟು ಹೊಂದುತ್ತದೆ ಅಂತ ನೋಡಲು ಕಪ್ಪಾ ಅನ್ನುವ ಲೆಕ್ಕ ಇದೆ. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟಿದ್ದು. ಸುಮ್ನೆ ನೂರಕ್ಕೆ ಎಷ್ಟು ಹೊಂದಿತು ಅಂತ ಎಣಿಸಿದರೆ ಸಾಲದೇ ಅಂತ ನಾನೂ ಕೇಳಿದ್ದೆ. ಸಂಖ್ಯಾಶಾಸ್ತ್ರದ ಸರ್ ಒಂದು ಚೀಟಿಯ ಹಿಂದೆ ಬರೆದು ತೋರಿಸಿದರು. ಇಬ್ಬರೂ ಕಣ್ಣುಮುಚ್ಚಿ ನೂರಕ್ಕೆ 90 ಸಲ ಸರಿ, 10 ಸಲ ತಪ್ಪು ಅಂತ ಗೀಚಿದರೂ, ಬರೀ ಆಕಸ್ಮಿಕವಾಗಿ 82 ಸಲ ಹೊಂದಿಬಿಡುತ್ತದೆ. 81 ಸಲ ಸರಿಯಲ್ಲಿ, ಒಂದು ಸಲ ತಪ್ಪಿನಲ್ಲಿ. ಆ 82ನ್ನು ಕಳೆದು, ಅದಕ್ಕಿಂತ ಮೇಲೆ ಎಷ್ಟು ಹೊಂದಿತು ಅಂತ ಕಪ್ಪಾ ಕೇಳುತ್ತದೆ. ಆ ಚೀಟಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಹರಡುವುದಿಲ್ಲ ಅನ್ನುವ ಪ್ರಶ್ನೆಯಲ್ಲಿ ನಮ್ಮ ಕಪ್ಪಾ ಸೊನ್ನೆಯ ಹತ್ತಿರ ಇತ್ತು. "ಹರಡುತ್ತದೆ" ಅಂತ ತಿರುಗಿಸಿ ಬರೆದ ಮೇಲೆ ಸರಿಹೋಯಿತು. 11ನೇ ಪ್ರಶ್ನೆಯಲ್ಲಿ ನಮ್ಮಿಬ್ಬರ ಗುರುತು 30ಕ್ಕೆ 30 ಹೊಂದಿತ್ತು.

ಎರಡು ವಾರ ಬಿಟ್ಟು ಅದೇ ಜನರಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಬೇಗ ಕೇಳಿದರೆ ಹೋದ ಸಲ ಹೇಳಿದ್ದು ನೆನಪಿರುತ್ತದೆ. ತಡವಾದರೆ ಅವರ ತಿಳಿವಳಿಕೆಯೇ ಬದಲಾಗಿರಬಹುದು. ನಮ್ಮ ವಿಷಯದಲ್ಲಿ ಎರಡೇ ವಾರದಲ್ಲಿ ಬದಲಾಗಿಬಿಟ್ಟಿತು. ನಡುವೆ ಹತ್ತಿರದ ಊರಿನಲ್ಲಿ ಒಂದು ಮಂಗ ಸತ್ತುಬಿದ್ದಿತ್ತು. ಮೈಕ್ ಕಟ್ಟಿದ ಜೀಪು ಬಂದು ದಿನವಿಡೀ ಕೂಗಿಕೊಂಡು ಹೋಗಿತ್ತು, ಮನೆಮನೆಗೆ ಕರಪತ್ರ ಹಂಚಿದ್ದರು. ಎರಡನೇ ಸಲ ಹೋದಾಗ ಅಜ್ಜಿಯರೂ ಪಟಪಟ ಅಂತ ಸರಿ ಉತ್ತರ ಹೇಳಿದರು. ಊರಿನ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ನನ್ನ ಎರಡು ಅಳತೆ ಮಾತ್ರ ಒಂದಕ್ಕೊಂದು ಹೊಂದಲಿಲ್ಲ. ಸಾಧನ ಕೆಟ್ಟಿದೆಯೋ, ಅಳೆಯುವ ವಸ್ತುವೇ ಬದಲಾಯಿತೋ ಅಂತ ಅಂಕಿ ನೋಡಿ ಹೇಳಲು ಬರುವುದಿಲ್ಲ. ಆ ಊರಿಗೆ ಹೋಗಿ ಜೀಪಿನ ಸುದ್ದಿ ಕೇಳಿದ್ದರಿಂದ ಮಾತ್ರ ನನಗೆ ಗೊತ್ತಾಯಿತು. ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದ ಮೇಡಂ ಜೊತೆ ಮಾತಾಡಿ ಆ ಭಾಗವನ್ನು ಇನ್ನೊಂದು ಮಜರೆಯಲ್ಲಿ ಮೊದಲಿಂದ ಮಾಡಿದೆ. ಎರಡು ವಾರ ಹೋಯಿತು, ಹೋಗಲಿ. 11ನೇ ಪ್ರಶ್ನೆಗೆ ಮೊದಲ ಮಜರೆಯ ಜನ ಎರಡೂ ಸಲ ಒಂದೇ ಉತ್ತರ ಕೊಟ್ಟಿದ್ದರು. ಹೆಚ್ಚಿನವರದ್ದು "ಇಲ್ಲ".

ಆಮೇಲೆ ಪ್ರಶ್ನೆಗಳ ಒಳಗಿನ ಹೊಂದಾಣಿಕೆ. ಒಂದೇ ವಿಷಯವನ್ನು ಅಳೆಯುವ ಪ್ರಶ್ನೆಗಳು ಒಂದೇ ಕಡೆ ವಾಲಬೇಕು ಅನ್ನೋದು ಇದರ ಹುರುಳು. ಎಲ್ಲರಿಗೂ ಗೊತ್ತಿರುವ ಹೆಸರು ಆಲ್ಫಾ, ಲೀ ಕ್ರಾನ್‌ಬಾಕ್ 1951ರಲ್ಲಿ ಬರೆದ ಲೇಖನದಿಂದ ಬಳಕೆಗೆ ಬಂದದ್ದು. ಸರಿ-ತಪ್ಪಿನ ಪ್ರಶ್ನೆಗಳಿಗೆ ಅದಕ್ಕೂ ಹಳೆಯ ಸೂತ್ರ ಇದೆ. ಕೂಡರ್ ಮತ್ತು ರಿಚರ್ಡ್‌ಸನ್ 1937ರಲ್ಲಿ ಕೊಟ್ಟಿದ್ದು. ಅವರ ಲೇಖನದಲ್ಲಿ ಅದು 20ನೇ ಸೂತ್ರವಾಗಿದ್ದರಿಂದ ಕೆಆರ್-20 ಅಂತಲೇ ಹೆಸರು. ನಮಗೆ ಬಂದದ್ದು 0.58. ಸಾಮಾನ್ಯವಾಗಿ 0.70 ದಾಟಬೇಕು ಅಂತಾರೆ.

ನಾನು ಆಗ ಒಂದು ಅಡ್ಡದಾರಿ ಹಿಡಿದೆ. ಕಾಡಿನಿಂದ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಬೇಕು ಅಂತ ಒಂದು ಪ್ರಶ್ನೆ ಇತ್ತು. ಅದನ್ನೇ ತಿರುಗಿಸಿ ಮುರುಗಿಸಿ ಇನ್ನೂ ನಾಲ್ಕು ಬರೆದೆ. ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು, ಸೋಪು ಹಚ್ಚಿ ಮೀಯಬೇಕು, ಹೀಗೆ. ಒಂದಕ್ಕೆ ಸರಿ ಅಂದವರು ಐದಕ್ಕೂ ಸರಿ ಅನ್ನುತ್ತಾರೆ. ಅಂಕಿ 0.71ಕ್ಕೆ ಏರಿತು. ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು ಪ್ರಶ್ನೆಗಳನ್ನು ಓದಿ ಹೇಳು ಅಂದರು. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಮಾತನ್ನ ಐದು ಸಲ ಕೇಳಿದ್ದೀಯಮ್ಮಾ. ಈಗ ನಿನ್ನ ಸಾಧನ ಮಂಗನ ಕಾಯಿಲೆಯ ತಿಳಿವಳಿಕೆ ಅಳೀತಾ ಇಲ್ಲ, ಸ್ನಾನದ ತಿಳಿವಳಿಕೆ ಅಳೀತಾ ಇದೆ" ಅಂದರು. ಗದರಿಸಲಿಲ್ಲ. ಅದಕ್ಕೇ ಜಾಸ್ತಿ ನಾಟಿತು. ನಾಲ್ಕನ್ನೂ ತೆಗೆದೆ. ಗೊಂದಲದ ಪ್ರಶ್ನೆಗಳನ್ನು ಬಿಡಿಸಿ ಬರೆದು ಹೊಸ ಮಜರೆಯಲ್ಲಿ ಕೇಳಿದ ಮೇಲೆ 0.73 ಬಂತು. ಅದು ನ್ಯಾಯವಾಗಿ ಬಂದ ಅಂಕಿ.

ಒಂದು ಕಡೆ ಮಾತ್ರ ನಾನು ಅಂಕಿಯ ಮಾತು ಕೇಳಲಿಲ್ಲ. "ಮಂಗ ಸತ್ತುಬಿದ್ದರೆ ಇಲಾಖೆಗೆ ತಿಳಿಸಬೇಕು" ಅನ್ನುವುದಕ್ಕೆ ಎಲ್ಲರೂ ಸರಿ ಅಂದಿದ್ದರು. ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆ ಜನರ ನಡುವೆ ವ್ಯತ್ಯಾಸ ತೋರಿಸುವುದಿಲ್ಲ, ತೆಗೆದುಬಿಡಿ ಅನ್ನುತ್ತದೆ ಲೆಕ್ಕ. ಆದರೆ ಈ ಮಾತು ಎಲ್ಲರಿಗೂ ಗೊತ್ತಿದೆ ಅನ್ನೋದೇ ದೊಡ್ಡ ಸುದ್ದಿ, ಆರೋಗ್ಯ ಇಲಾಖೆಗೆ ಬೇಕಾದ ಸುದ್ದಿ. ಒಟ್ಟು ಅಂಕದಿಂದ ಅದನ್ನು ಹೊರಗಿಟ್ಟು, ಪ್ರಶ್ನೆಯನ್ನು ಉಳಿಸಿಕೊಂಡೆ.

ಇಷ್ಟೆಲ್ಲ ಆಗಿ ಒಂದು ರಾತ್ರಿ ಮೊದಲ ಮಜರೆಯ ಹಾಳೆಗಳನ್ನು ಕಂಪ್ಯೂಟರಿಗೆ ತುಂಬುತ್ತಾ ಕೂತಿದ್ದೆ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಂದೇ ಸಾಲಿನಲ್ಲಿ ಎರಡು ಉತ್ತರ ಕಣ್ಣಿಗೆ ಬಿದ್ದವು. 11ನೇ ಪ್ರಶ್ನೆ, ಕಾಡಿಗೆ ಹೋಗುತ್ತೀರಾ? ಇಲ್ಲ. ಕೊನೆಯ ಭಾಗದ ಇನ್ನೊಂದು ಪ್ರಶ್ನೆ, ಕಾಡಿಗೆ ಹೋಗುವ ಮೊದಲು ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತೀರಾ? ಯಾವಾಗಲೂ. ಉಣುಗು ಕಚ್ಚದಿರಲಿ ಅಂತ ಮೈಗೆ ಹಚ್ಚುವ ಎಣ್ಣೆ ಅದು.

ಕಾಡಿಗೇ ಹೋಗದವರು ಯಾವಾಗಲೂ ಎಣ್ಣೆ ಹಚ್ಚುವುದು ಹೇಗೆ?

ಮುಂದಿನ ಹಾಳೆ ನೋಡಿದೆ. ಅದೇ. ಅದರ ಮುಂದಿನದೂ ಅದೇ. 30ರಲ್ಲಿ ಕಾಡಿಗೆ ಹೋಗುತ್ತೇನೆ ಅಂದವರು ಬರೀ 8 ಜನ. ಯಾವಾಗಲೂ ಎಣ್ಣೆ ಹಚ್ಚುತ್ತೇನೆ ಅಂದವರು ಅದಕ್ಕಿಂತ ಎಷ್ಟೋ ಜಾಸ್ತಿ. ಎರಡರಲ್ಲಿ ಒಂದಾದರೂ ತಪ್ಪು. ಇಷ್ಟು ಪರೀಕ್ಷೆ ದಾಟಿದ ಪ್ರಶ್ನೆಗಳಲ್ಲಿ ಇದು ಹೇಗೆ ನುಸುಳಿತು ಅಂತ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಆ ಮಜರೆಗೆ ಹೋದೆ. ಪ್ರಶ್ನಾವಳಿ ಒಯ್ಯಲಿಲ್ಲ. ಆಶಾ ಅಕ್ಕನಿಗೂ ಹೇಳಲಿಲ್ಲ. ಬೇಲಿಯ ನಡುವಿನ ದಣಪೆ ದಾಟುತ್ತಿದ್ದಾಗಲೇ ಎದುರಿಗೆ ಒಬ್ಬ ಅಕ್ಕ ಬಂದರು. ತಲೆ ಮೇಲೆ ದೊಡ್ಡ ಹೊರೆ, ಒಣಗಿದ ಎಲೆ, ನಮ್ಮ ಕಡೆಯ ದರಕು. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ ತರುವುದು. ಹೊರೆ ಇಳಿಸಲು ಕೈ ಕೊಟ್ಟೆ. ಅವರ ಮುಖ ನೆನಪಿತ್ತು. ಅವರ ಹಾಳೆಯೂ ನೆನಪಿತ್ತು. ಕಾಡಿಗೆ ಹೋಗಲ್ಲ ಅಂದವರು.

"ಅಕ್ಕಾ, ಈ ದರಕು ಎಲ್ಲಿಂದ?"

"ಬೆಟ್ಟದಿಂದ."

"ಅವತ್ತು ಕಾಡಿಗೆ ಹೋಗೂದಿಲ್ಲ ಅಂದಿದ್ರಿ."

ಅವರು ನನ್ನನ್ನೇ ನೋಡಿದರು. "ಕಾಡಿಗೆ ಎಂತಕ್ಕೆ ಹೋಗೂದು ತಂಗೀ? ಕಾಡು ಅಂದ್ರೆ ಅಲ್ಲಿ, ಗುಡ್ಡದ ಆಚೆ. ಹುಲಿ ಇರೂದು ಅಲ್ಲಿ. ನಾವು ಬೆಟ್ಟಕ್ಕೆ ಮಾತ್ರ ಹೋಗೂದು."

ನಾನು ಅದೇ ಮಣ್ಣಿನಲ್ಲಿ ಹುಟ್ಟಿದವಳು. ನಮ್ಮ ಮನೆಗೂ ಸೊಪ್ಪಿನ ಬೆಟ್ಟ ಇದೆ. ಅಡಿಕೆ ತೋಟದವರಿಗೆ ಸೊಪ್ಪು ತರಲು ಬ್ರಿಟಿಷರ ಕಾಲದಿಂದಲೂ ಬಿಟ್ಟುಕೊಟ್ಟ ಜಾಗ ಅದು. ಮರ, ಪೊದೆ, ಬಳ್ಳಿ ಎಲ್ಲ ಇರುತ್ತದೆ. ಮಂಗವೂ ಇರುತ್ತದೆ, ಉಣುಗೂ ಇರುತ್ತದೆ. ಹೊರಗಿನವರು ನೋಡಿದರೆ ಕಾಡು ಅಂತಲೇ ಅನ್ನುತ್ತಾರೆ. ನಾವು ಅನ್ನುವುದಿಲ್ಲ. ಬೆಟ್ಟ ಬೇರೆ, ಕಾನು ಬೇರೆ, ಬೇಣ ಬೇರೆ, ಕಾಡು ಬೇರೆ. "ಅಮ್ಮ ಎಲ್ಲಿ?" ಅಂದರೆ "ಬೆಟ್ಟಕ್ಕೆ ಹೋಗಿದ್ದಾಳೆ" ಅಂತ ಸಾವಿರ ಸಲ ನಾನೇ ಹೇಳಿದ್ದೇನೆ. ಪ್ರಶ್ನೆ ಬರೆಯುವಾಗ ಮಾತ್ರ ಆ ಪದ ನನ್ನ ಹತ್ತಿರ ಬರಲಿಲ್ಲ. ನಾನು ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದೆ.

ಆ ಅಕ್ಕ ಸುಳ್ಳು ಹೇಳಿರಲಿಲ್ಲ. ಎರಡು ವಾರದ ನಂತರ ಅದೇ ಉತ್ತರ ಕೊಟ್ಟಿದ್ದೂ ಅದಕ್ಕೇ, ಅದು ಅವರ ಮಟ್ಟಿಗೆ ನಿಜ. ಅನುವಾದದ ಪರೀಕ್ಷೆ ದಾಟಿತು, ಏಳು ತಜ್ಞರನ್ನು ದಾಟಿತು, ನಮ್ಮಿಬ್ಬರ ಗುರುತು ಹೊಂದಿತು, ಮರುಪರೀಕ್ಷೆಯೂ ಹೊಂದಿತು. ಯಾರೂ ಒಡೆದು ನೋಡಿರಲಿಲ್ಲ. ಹಾಗೇ ಮುಂದೆ ಹೋಗಿದ್ದರೆ ನನ್ನ ಪ್ರಬಂಧದಲ್ಲಿ "ಹೆಚ್ಚಿನವರು ಕಾಡಿಗೆ ಹೋಗುವುದಿಲ್ಲ, ಅಪಾಯ ಕಡಿಮೆ" ಅಂತ ಅಚ್ಚಾಗುತ್ತಿತ್ತು. ಅದನ್ನು ಓದಿದ ಯಾರೋ ಈ ಊರಿಗೆ ಎಣ್ಣೆ ಬೇಡ ಅಂದುಕೊಳ್ಳಬಹುದಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ.

ಅವತ್ತು ಅವರ ಜಗಲಿಯಲ್ಲೇ ಕೂತೆ. ಎಣ್ಣೆಯ ವಿಷಯವನ್ನೂ ಮೆಲ್ಲಗೆ ಕೇಳಿದೆ. ಬಾಟಲಿ ಕಿಟಕಿಯ ದಂಡೆ ಮೇಲೆ ಇತ್ತು. ಮುಚ್ಚಳದ ಸೀಲು ಒಡೆದಿರಲಿಲ್ಲ. "ಬೆವರಿಗೆ ಅಂಟಂಟು ಆಗ್ತದೆ, ಹಚ್ಚೂಕೆ ಮನಸ್ಸು ಬರೂದಿಲ್ಲ" ಅಂದರು. ಮತ್ತೆ ಯಾಕೆ ಯಾವಾಗಲೂ ಹಚ್ಚುತ್ತೇನೆ ಅಂದಿರಿ ಅಂದಾಗ ಅವರು ಹೇಳಿದ್ದು ಇದು. "ಎಣ್ಣೆ ತಂದುಕೊಟ್ಟ ಆಶಾ ಅಕ್ಕ ಪಕ್ಕದಲ್ಲೇ ಕೂತಿದ್ರು. ಪಾಪ ಬಿಸಿಲಲ್ಲಿ ಹೊತ್ತು ತಂದಿದ್ದಾರೆ. ನೀವೂ ಅಷ್ಟು ದೂರದಿಂದ ಬಂದಿದ್ರಿ. ಇಲ್ಲ ಅಂತ ಹೇಂಗೆ ಹೇಳೂದು?"

ಪ್ರಶ್ನೆಯ ಜೊತೆಗೆ ಕೇಳುವವರು ಯಾರು, ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದೂ ಅಳತೆಯ ಒಂದು ಭಾಗ. ಜನ ಒಳ್ಳೆಯ ಉತ್ತರ ಕೊಡಲು ನೋಡುತ್ತಾರೆ ಅಂತ ಪುಸ್ತಕದಲ್ಲಿ ಓದಿದ್ದೆ. ಅದು ಹೆಚ್ಚಾಗಿ ಮರ್ಯಾದೆಯಿಂದ, ಎದುರಿನವರ ಮೇಲಿನ ಪ್ರೀತಿಯಿಂದ ಬರುತ್ತದೆ ಅಂತ ಪುಸ್ತಕ ಹೇಳಿರಲಿಲ್ಲ.

ಮೇಡಂಗೆ ಎಲ್ಲ ಹೇಳಿದೆ. ಎರಡೂ ಪ್ರಶ್ನೆ ಬದಲಾದವು. ತಿದ್ದಿದ್ದನ್ನು ನೈತಿಕ ಸಮಿತಿಗೆ ಮತ್ತೆ ಕಳಿಸಿ ಒಪ್ಪಿಗೆ ತಂದೆವು. ಕಾಡು ಅನ್ನುವ ಪದವನ್ನೇ ಬಿಟ್ಟು ಕೆಲಸಗಳ ಪಟ್ಟಿ ಮಾಡಿದೆ. ಕಳೆದ 7 ದಿನಗಳಲ್ಲಿ ಇವುಗಳಲ್ಲಿ ಯಾವ ಕೆಲಸಕ್ಕೆ ಹೋಗಿದ್ದೀರಿ? ಸೊಪ್ಪು ಕಡಿಯಲು, ದರಕು ತರಲು, ಕಟ್ಟಿಗೆಗೆ, ದನ ಮೇಯಿಸಲು, ಮುರುಗಲು ಹೆಕ್ಕಲು. ಎಷ್ಟು ದಿನ ಹೋಗಿದ್ದೀರಿ ಅಂತ ಪಕ್ಕದಲ್ಲಿ ಒಂದು ಅಂಕಣ. ಕೊನೆಗೆ ಒಂದು ಖಾಲಿ ಸಾಲು, ಬೇರೆ ಕೆಲಸ ಇದ್ದರೆ ಬರೆಯಲು. ಎಣ್ಣೆಗೆ ಯಾವಾಗಲೂ, ಕೆಲವೊಮ್ಮೆ ಅನ್ನುವುದನ್ನು ತೆಗೆದೆ. ಕಡೇ ಸಲ ಹೋದಾಗ ಹಚ್ಚಿದ್ರಾ? ಬಾಟಲಿ ತೋರಿಸ್ತೀರಾ? ಎಷ್ಟು ಉಳಿದಿದೆ ಅಂತ ನಾವೇ ನೋಡಿ ಬರೆಯೋದು. ಹಚ್ಚದಿದ್ದರೆ ಯಾಕೆ ಅನ್ನುವುದಕ್ಕೂ ಜಾಗ. ಕೇಳುವ ಹೊತ್ತಿಗೆ ಆಶಾ ಅಕ್ಕ ಮುಂದಿನ ಮನೆಗೆ ಹೋಗಿರಬೇಕು. ಅವರಿಗೆ ಕಾರಣ ಬಿಡಿಸಿ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಎಣ್ಣೆ ಯಾಕೆ ಹಚ್ಚುವುದಿಲ್ಲ ಅಂತ ಅವರಿಗೂ ತಿಳಿಯಬೇಕಿತ್ತು.

ಅದೇ 30 ಜನರ ಹತ್ತಿರ ಹೊಸ ಹಾಳೆ ಹಿಡಿದು ಹೋದೆ. ಕಾಡಿಗೆ ಹೋಗಲ್ಲ ಅಂದಿದ್ದ 22 ಜನರಲ್ಲಿ ಮೂವರನ್ನು ಬಿಟ್ಟು ಉಳಿದವರೆಲ್ಲ ಆ ವಾರ ಒಂದಲ್ಲ ಒಂದು ಕೆಲಸಕ್ಕೆ ಬೆಟ್ಟ ಹತ್ತಿದ್ದರು. ಆ ಮೂವರಲ್ಲಿ ಒಬ್ಬರು ಬಾಣಂತಿ, ಇಬ್ಬರು ತೀರಾ ವಯಸ್ಸಾದವರು. ಇದು ನಿಜವೋ ಅಂತ ನೋಡಲು ಎರಡು ದಿನ ಬೆಳಿಗ್ಗೆ ದಣಪೆಯ ಹತ್ತಿರ ನಿಂತೆ. ಹೊರೆ ಹೊತ್ತು ಬಂದವರ ಮುಖ, ನನ್ನ ಹಾಳೆಯ ಉತ್ತರ, ಎರಡೂ ಹೊಂದಿದವು.

ಫೆಬ್ರವರಿ ಕೊನೆಯ ವಾರ. ಮರುದಿನ ಪ್ರಶ್ನಾವಳಿ ಅಚ್ಚಿಗೆ ಹೋಗಬೇಕು. ಕಡೆಯದಾಗಿ ಒಂದು ಸಲ ನೋಡೋಣ ಅಂತ ಇನ್ನೊಂದು ಊರಿನಲ್ಲಿ ಐದು ಮನೆಗೆ ಹೋದೆ. ಐದನೇ ಮನೆಯ ಅಜ್ಜಿಗೆ ಪಟ್ಟಿ ಓದಿದೆ. ಸೊಪ್ಪಿಗೆ ಮಗ ಹೋಗ್ತಾನೆ ಅಂದರು. ದರಕಿಗೆ ಸೊಸೆ. ಕಟ್ಟಿಗೆ ಕೊಟ್ಟಿಗೆಯಲ್ಲೇ ಇದೆ. ನೀವು ಎಲ್ಲಿಗೂ ಹೋಗಿಲ್ಲ ಹಾಗಾದ್ರೆ ಅಂತ ಬರೆಯಲು ಪೆನ್ನು ಊರಿದ್ದೆ.

"ಮೊನ್ನೆ ಹೊಳೆ ದಂಡೆಗೆ ಹೋಗಿದ್ದೆ" ಅಂದರು. "ಅಪ್ಪೆಮಿಡಿಗೆ. ಮೊಮ್ಮಗ ಮರ ಹತ್ತಿದ, ನಾ ಕೆಳಗೆ ಕೂತು ಹೆಕ್ಕಿದೆ. ಅದು ನಿನ್ನ ಪಟ್ಟಿಯಲ್ಲಿ ಇಲ್ವಾ?"

ಇರಲಿಲ್ಲ. ಮಿಡಿಯ ಕಾಲವೂ ಉಣುಗಿನ ಕಾಲವೂ ಒಂದೇ. ಹೊಳೆ ದಂಡೆಯ ಪೊದೆಯ ನಡುವೆ, ಒಣ ಎಲೆಯ ಮೇಲೆ ಕೂತು ಹೆಕ್ಕುವ ಕೆಲಸ. ಖಾಲಿ ಸಾಲಿನಲ್ಲಿ "ಅಪ್ಪೆಮಿಡಿ ಕೊಯ್ಯಲು, ಹೆಕ್ಕಲು" ಅಂತ ಬರೆದು, ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದೆ. ಅಜ್ಜಿ ಒಳಗೆ ಹೋಗಿ ಭರಣಿಯಿಂದ ನಾಲ್ಕು ಮಿಡಿ ತೆಗೆದು ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟರು.